ಮರಳುಗಾಡಿನ ಸಿನಿಮಾ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ

ಅಕ್ಕನ ಮಗಳ ಜೊತೆ ಕೂತು ಡಿಸ್ನಿಯ 'ಅಲ್ಲಾದ್ದೀನ್' ನೋಡುತ್ತಿದ್ದೆ, 1992ರ ಕಾರ್ಟೂನ್ ಸಿನಿಮಾ. ಅವಳಿಗೆ ಆಗಷ್ಟೇ ಓದು ಬಂದಿತ್ತು. ಬಸ್ಸಿನ ಬೋರ್ಡಿನಿಂದ ಬಿಸ್ಕತ್ ಪ್ಯಾಕೆಟ್‌ವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದುವ ಕಾಲ ಅದು. ಪೇಟೆ ಬೀದಿಯ ಸೀನ್ ಬಂದಾಗ ಅಂಗಡಿಯ ಮೇಲಿನ ಬೋರ್ಡ್ ತೋರಿಸಿ, "ಮಾಮ, ಅಲ್ಲಿ ಏನ್ ಬರ್ದಿದಾರೆ?" ಅಂತ ಕೇಳಿದಳು. ನನಗೆ ಅರೇಬಿಕ್ ಬರುವುದಿಲ್ಲ. ಭಟ್ಕಳದ ಗೆಳೆಯನಿಗೆ ಬರುತ್ತದೆ. ಸಿನಿಮಾ ನಿಲ್ಲಿಸಿ ಫೋಟೊ ತೆಗೆದು ಅವನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಏನೂ ಬರ್ದಿಲ್ಲ ಮಾರಾಯ, ಸುಮ್ನೆ ಗೀಚಿದಾರೆ."

ಅಷ್ಟು ದೊಡ್ಡ ಕಂಪನಿ, ಅಷ್ಟು ದುಡ್ಡು, ನೂರಾರು ಕಲಾವಿದರು ವರ್ಷಗಟ್ಟಲೆ ಕೂತು ಬಿಡಿಸಿದ ಸಿನಿಮಾ. ಆದರೂ ಅರೇಬಿಕ್ ಬರುವ ಒಬ್ಬರನ್ನು ಕರೆದು "ಇಲ್ಲಿ 'ಹಣ್ಣಿನ ಅಂಗಡಿ' ಅಂತ ಹೇಗೆ ಬರೆಯೋದು" ಎಂದು ಕೇಳಿದ ಗುರುತು ಆ ಬೋರ್ಡುಗಳಲ್ಲಿ ಇಲ್ಲ. ಆ ಲಿಪಿಯನ್ನು ಓದಬಲ್ಲ ಮಗು ಎಲ್ಲೋ ಒಂದು ಥಿಯೇಟರಿನಲ್ಲಿ ಕೂತಿರುತ್ತದೆ ಅನ್ನುವುದು ಯಾರ ತಲೆಗೂ ಬಂದಂತಿಲ್ಲ. ನನಗೆ ಅವತ್ತು ನಿಜಕ್ಕೂ ಬೇಜಾರಾಯಿತು. ಆಮೇಲೆ ಅರಬ್ಬರ, ಮುಸ್ಲಿಮರ ಸಮಾಜ ತೋರಿಸುವ ಸಿನಿಮಾಗಳನ್ನು ನೋಡುವಾಗ ನೋಟ್‌ಬುಕ್ ಇಟ್ಟುಕೊಳ್ಳುವ ಅಭ್ಯಾಸ ಆಯಿತು. ಆ ಅಭ್ಯಾಸದಿಂದ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಸಿನಿಮಾ ನೋಡಬೇಡಿ ಅಂತ ಖಂಡಿತ ಹೇಳುತ್ತಿಲ್ಲ. ಇವುಗಳಲ್ಲಿ ಕೆಲವು ನನಗೆ ತುಂಬಾ ಇಷ್ಟದ ಸಿನಿಮಾಗಳು.

ಹೆಜ್ಜೆ 1: ಶುರು ಮಾಡುವ ಮುಂಚೆ ಮೂರು ವಿಷಯ ತಲೆಯಲ್ಲಿರಲಿ

ಒಂದು, ಅರಬ್ಬರು ಬೇರೆ, ಮುಸ್ಲಿಮರು ಬೇರೆ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶ ಇಂಡೋನೇಷ್ಯಾ, ಅಲ್ಲಿನವರು ಅರಬ್ಬರಲ್ಲ. ಇರಾನಿನಲ್ಲಿ ಹೆಚ್ಚಿನವರ ಮಾತು ಪರ್ಷಿಯನ್, ಟರ್ಕಿಯಲ್ಲಿ ಟರ್ಕಿಶ್. ಇನ್ನು ಈಜಿಪ್ಟಿನ ಕಾಪ್ಟರು, ಲೆಬನಾನಿನ ಮ್ಯಾರೊನೈಟರು ಅರೇಬಿಕ್ ಮಾತಾಡುವ ಕ್ರೈಸ್ತರು. ಸಿನಿಮಾ ಇವರನ್ನೆಲ್ಲ ಒಂದೇ ಗಂಟು ಕಟ್ಟುತ್ತಿದೆಯಾ ಅಂತ ನೋಡಿ.

ಎರಡು, ಓರಿಯೆಂಟಲಿಸಂ ಅಂದರೆ ಏನು ಅನ್ನುವುದು. ಕನ್ನಡದ ವಿಮರ್ಶೆಯಲ್ಲಿ ಪೌರ್ವಾತ್ಯವಾದ ಅಂತಲೂ ಬರೆಯುತ್ತಾರೆ. ಎಡ್ವರ್ಡ್ ಸೈದ್ ಅನ್ನುವವರು 1978ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ಜೆರುಸಲೇಮಿನಲ್ಲಿ ಹುಟ್ಟಿ, ಕೈರೋದಲ್ಲಿ ಬೆಳೆದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಪ್ಯಾಲೆಸ್ತೀನಿ. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ಅವರ ಮಾತನ್ನು ನನ್ನ ಮಾತಲ್ಲಿ ಹೇಳುವುದಾದರೆ, ಯುರೋಪಿನವರು ಪೂರ್ವದ ದೇಶಗಳನ್ನು ಆಳಲು ಹೊರಟಾಗ ಆ ದೇಶಗಳ ಬಗ್ಗೆ ಒಂದು ಚಿತ್ರವನ್ನೂ ಕಟ್ಟಿಕೊಂಡರು. ಅಲ್ಲಿಯವರು ಕೋಪಿಷ್ಠರು, ಸೋಮಾರಿಗಳು, ವಿಚಾರ ಗೊತ್ತಿಲ್ಲದವರು, ಕಾಮುಕರು, ಕಾಲದ ಜೊತೆ ಬದಲಾಗದವರು. ಹಾಗಾಗಿ ಅವರ ಬಗ್ಗೆ ಹೇಳಲು, ಅವರನ್ನು ನಡೆಸಲು ಹೊರಗಿನವರೇ ಬೇಕು. ಈ ಚಿತ್ರ ಕಥೆಗಳಲ್ಲಿ, ಪೇಂಟಿಂಗುಗಳಲ್ಲಿ, ಪ್ರವಾಸದ ಪುಸ್ತಕಗಳಲ್ಲಿ ಬೆಳೆಯಿತು. ಸಿನಿಮಾ ಹುಟ್ಟುವ ಹೊತ್ತಿಗೆ ತಯಾರಾಗಿತ್ತು. 1921ರ 'ದಿ ಶೇಕ್' ಅನ್ನುವ ಮೂಕಿ ಚಿತ್ರದಲ್ಲಿ ಅರಬ್ ಶೇಕ್ ಬಿಳಿ ಹೆಂಗಸನ್ನು ಹೊತ್ತೊಯ್ಯುತ್ತಾನೆ, ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಬೇಕು. ಆದರೆ ಅರಬ್ಬನ ಜೊತೆ ಬಿಳಿ ಹೆಂಗಸು ಹೇಗೆ? ಅದಕ್ಕೇ ಅವನ ಅಪ್ಪ ಇಂಗ್ಲಿಷಿನವನು, ಅಮ್ಮ ಸ್ಪೇನಿನವಳು ಅಂತ ಕೊನೆಗೆ ಗೊತ್ತಾಗುತ್ತದೆ.

ಮೂರು, ಅದು ಬರೀ ಖಳನಾಯಕರ ವಿಷಯ ಅಲ್ಲ. ಜಾಕ್ ಶಾಹೀನ್ ಅನ್ನುವ ಅಮೆರಿಕದ ಪ್ರೊಫೆಸರ್ 900ಕ್ಕೂ ಹೆಚ್ಚು ಸಿನಿಮಾ ನೋಡಿ ಲೆಕ್ಕ ಹಾಕಿದರು. ಅರಬ್ಬರನ್ನು ಒಳ್ಳೆಯ ರೀತಿಯಲ್ಲಿ ತೋರಿಸಿದ್ದು ಸುಮಾರು ಒಂದು ಡಜನ್ ಮಾತ್ರ ಅಂದರು. ಆ ಲೆಕ್ಕ ಮುಖ್ಯವೇ. ಆದರೆ ಪ್ರೀತಿಯಿಂದ, ಗೌರವದಿಂದ, ಕಣ್ಣು ತಂಪಾಗುವ ಹಾಗೆ ತೆಗೆದ ಸಿನಿಮಾದಲ್ಲೂ ಈ ನೋಟ ಇರಬಹುದು. ಅದನ್ನು ಹಿಡಿಯುವುದೇ ಕಷ್ಟ. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆ.

ಹೆಜ್ಜೆ 2: ಹತ್ತು ನಿಮಿಷ ಸದ್ದು ಬಂದ್ ಮಾಡಿ, ಹತ್ತು ನಿಮಿಷ ಕಣ್ಣು ಮುಚ್ಚಿ

ಕಥೆ ಅರಬ್ ಅಥವಾ ಮುಸ್ಲಿಂ ದೇಶಕ್ಕೆ ಹೋಗುವ ಸೀನ್ ಹುಡುಕಿ. ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಬಣ್ಣ ಗಮನಿಸಿ. ವಾಷಿಂಗ್‌ಟನ್ನಿನಲ್ಲಿ ನೀಲಿ ಬೆಳಕು, ಸ್ವಚ್ಛ ಗಾಜು. ವಿಮಾನ ಇಳಿದ ತಕ್ಷಣ ಎಲ್ಲ ಅರಿಶಿನ ಬಳಿದ ಹಾಗೆ ಹಳದಿ. 2020ರ 'ಎಕ್ಸ್‌ಟ್ರಾಕ್ಷನ್' ನೋಡಿ. ಕಥೆ ನಡೆಯುವುದು ಬಾಂಗ್ಲಾದೇಶದ ಢಾಕಾದಲ್ಲಿ. ಶೂಟಿಂಗ್ ಮಾಡಿದ ಜಾಗಗಳಲ್ಲಿ ನಮ್ಮ ಅಹಮದಾಬಾದ್ ಒಂದು. ಅಹಮದಾಬಾದಿಗೆ ಹೋಗಿ ಬಂದವರಿಗೆ ಗೊತ್ತು, ಅಲ್ಲಿಯ ಆಕಾಶ ಆ ಬಣ್ಣದ್ದಲ್ಲ. ಢಾಕಾದ್ದೂ ಅಲ್ಲ. ಅದು ಹಸಿರು, ನೀರು, ಮಳೆಯ ಊರು. ಆ ಹಳದಿಯನ್ನು ಶೂಟಿಂಗ್ ಆದ ಮೇಲೆ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಸೆಕೆ, ಧೂಳು, ಅಪಾಯ ಅಂತ ನಿಮ್ಮ ಮೈಗೆ ಮೊದಲೇ ಅನಿಸಬೇಕು, ಅದಕ್ಕೆ.

ಈಗ ಅದೇ ಸೀನನ್ನು ಕಣ್ಣು ಮುಚ್ಚಿ ಕೇಳಿ. ಬಹಳ ಸಲ ಮೊದಲು ಕೇಳುವುದು ಮಸೀದಿಯ ಬಾಂಗ್. ನಮ್ಮಲ್ಲಿ ಯಾವ ಊರಿನವರಿಗಾದರೂ ಬಾಂಗ್ ಹೊಸದಲ್ಲ, ಅಲ್ವಾ? ಬೆಳಗಿನ ಬಾಂಗ್ ಕೇಳಿ ಎದ್ದು ಹಾಲಿಗೆ ಹೋದವರು, ಪರೀಕ್ಷೆಗೆ ಓದಲು ಕೂತವರು ಎಷ್ಟು ಜನ ಇದ್ದಾರೆ. ಅದು ದಿನದ ಗಡಿಯಾರದ ಹಾಗೆ. ಆದರೆ ಹಾಲಿವುಡ್ಡಿನ ಯುದ್ಧದ ಸಿನಿಮಾದಲ್ಲಿ ಬಾಂಗ್ ಕೇಳಿದರೆ ಮುಂದೆ ಗುಂಡು ಹಾರುತ್ತದೆ ಅಂತ ಅರ್ಥ. ಐವತ್ತು ಸಲ ಹಾಗೆ ಕೇಳಿದ ಮನುಷ್ಯನಿಗೆ, ಬಾಂಗ್ ಕೇಳದ ಊರಿನಲ್ಲಿ ಬೆಳೆದವನಾಗಿದ್ದರೆ, ಪ್ರಾರ್ಥನೆಯ ಕರೆಯೇ ಹೆದರಿಕೆಯ ಸದ್ದಾಗುತ್ತದೆ. ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ.

ವಾದ್ಯವನ್ನೂ ಕೇಳಿ. ಮರಳು ಕಂಡರೆ ಸಾಕು, ಅಳುವ ಹಾಗಿರುವ ಒಂದು ಊದುವ ವಾದ್ಯ ಬರುತ್ತದೆ. ಎಷ್ಟೋ ಸಲ ಅದು ದುದುಕ್, ಅರ್ಮೇನಿಯಾದ್ದು. ಅರ್ಮೇನಿಯಾ ಗುಡ್ಡಗಾಡಿನ, ಕ್ರೈಸ್ತರ ದೇಶ.

ಹೆಜ್ಜೆ 3: ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆಯಿರಿ

ಇದೇ ಮುಖ್ಯ ಹೆಜ್ಜೆ. ಮೊದಲ ಸಾಲಿನಲ್ಲಿ ಹೆಸರಿರುವ ಅರಬ್ ಅಥವಾ ಮುಸ್ಲಿಂ ಪಾತ್ರಗಳು. ಎರಡನೆಯದರಲ್ಲಿ ಅವರ ಪಾತ್ರ ಮಾಡಿದವರು ಎಲ್ಲಿಯವರು. ಮೂರನೆಯದರಲ್ಲಿ ಆ ಪಾತ್ರಕ್ಕೆ ಮನೆ ಇದೆಯಾ, ಅಂದರೆ ಊಟ ಮಾಡುವುದು, ಮಗುವನ್ನು ಎತ್ತಿಕೊಳ್ಳುವುದು, ಕೆಲಸಕ್ಕೆ ಹೋಗುವುದು, ಜೋಕ್ ಹೇಳುವುದು ಏನಾದರೂ ಕಾಣಿಸುತ್ತದಾ.

ಒಂದು ಸಿನಿಮಾದ ಮೇಲೆ ಮಾಡಿ ತೋರಿಸುತ್ತೇನೆ: 1962ರ 'ಲಾರೆನ್ಸ್ ಆಫ್ ಅರೇಬಿಯಾ'. ನಿರ್ದೇಶಕ ಡೇವಿಡ್ ಲೀನ್. ಏಳು ಆಸ್ಕರ್ ಬಂದ, ಮೂರೂವರೆ ಗಂಟೆಗೂ ಜಾಸ್ತಿ ಇರುವ ಚಿತ್ರ. ಮೊದಲನೇ ಮಹಾಯುದ್ಧದಲ್ಲಿ ಅರಬ್ಬರು ಒಟ್ಟೊಮನ್ ತುರ್ಕರ ವಿರುದ್ಧ ಎದ್ದರು, ಬ್ರಿಟಿಷ್ ಅಧಿಕಾರಿ ಟಿ.ಇ. ಲಾರೆನ್ಸ್ ಅವರ ಜೊತೆಗಿದ್ದ, ಆ ಕಥೆ. ನಾನು ಇದನ್ನು ನಾಲ್ಕು ಸಲ ನೋಡಿದ್ದೇನೆ. ದೂರದ ಬಿಸಿಲ್ಗುದುರೆಯಲ್ಲಿ ಒಂದು ಕಪ್ಪು ಚುಕ್ಕಿ ನಿಧಾನಕ್ಕೆ ಒಂಟೆ ಮೇಲಿನ ಮನುಷ್ಯನಾಗುವ ಸೀನ್ ಇದೆ, ಅದರಷ್ಟು ಚಂದದ ಸೀನ್ ನಾನು ಹೆಚ್ಚು ಕಂಡಿಲ್ಲ.

ಈಗ ಸಾಲು ತುಂಬೋಣ. ಯುವರಾಜ ಫೈಸಲ್: ಮಾಡಿದ್ದು ಅಲೆಕ್ ಗಿನ್ನೆಸ್, ಇಂಗ್ಲಿಷಿನವರು, ಮುಖಕ್ಕೆ ಕಂದು ಬಣ್ಣ. ಬುಡಕಟ್ಟಿನ ನಾಯಕ ಔದಾ ಅಬು ತಾಯಿ: ಆಂಥೊನಿ ಕ್ವಿನ್, ಹುಟ್ಟಿದ್ದು ಮೆಕ್ಸಿಕೊದಲ್ಲಿ. ಶರೀಫ್ ಅಲಿ: ಒಮರ್ ಶರೀಫ್, ಈಜಿಪ್ಟಿನವರು, ದೊಡ್ಡ ಪಾತ್ರಗಳಲ್ಲಿ ಇವರೊಬ್ಬರೇ ಅರಬ್ ನಟ. ಗಾಸಿಂ ಅನ್ನುವ ಪಾತ್ರ ಮಾಡಿದವರು ನಮ್ಮ ಹಿಂದಿ ಸಿನಿಮಾದ ಐ.ಎಸ್. ಜೋಹರ್! ನೋಡುವಾಗ ಗುರುತು ಹಿಡಿಯಿರಿ. ಇನ್ನು ಹೆಂಗಸರ ಸಾಲು ಖಾಲಿ. ಅಷ್ಟು ಉದ್ದದ ಸಿನಿಮಾದಲ್ಲಿ ಮಾತಿರುವ ಒಬ್ಬ ಹೆಂಗಸೂ ಇಲ್ಲ. ದೂರದಲ್ಲಿ ಕಪ್ಪು ಬಟ್ಟೆಯ ಗುಂಪಾಗಿ ಇದ್ದಾರೆ, ಅಷ್ಟೇ.

ಈಗ ಆ ಗಾಸಿಂನನ್ನು ಹತ್ತಿರದಿಂದ ನೋಡಿ. ನೆಫೂದ್ ಮರಳುಗಾಡು ದಾಟುವಾಗ ರಾತ್ರಿ ಅವನು ಒಂಟೆಯಿಂದ ಬಿದ್ದುಹೋಗುತ್ತಾನೆ. ಬೆಳಗ್ಗೆ ಖಾಲಿ ಒಂಟೆ ಮಾತ್ರ ಬರುತ್ತಿರುತ್ತದೆ. ಅವನ ಕಾಲ ಮುಗಿಯಿತು, ಹಣೆಯಲ್ಲಿ ಬರೆದದ್ದು ಆಯಿತು, ಮುಂದೆ ನಡೆಯೋಣ ಅಂತ ಅರಬ್ಬರು ಹೇಳುತ್ತಾರೆ. ಲಾರೆನ್ಸ್ ಒಬ್ಬನೇ ವಾಪಸು ಹೋಗಿ ಹುಡುಕಿ ತರುತ್ತಾನೆ, ಯಾವುದೂ ಮೊದಲೇ ಬರೆದಿಲ್ಲ ಅನ್ನುತ್ತಾನೆ. ಎಲ್ಲರೂ ಜೈಕಾರ ಹಾಕುತ್ತಾರೆ, ನಮಗೂ ಕಣ್ಣು ತುಂಬುತ್ತದೆ. ಇಲ್ಲಿ ನಿಲ್ಲಿಸಿ. ಅರಬ್ಬರ ಬಾಯಲ್ಲಿ ಹಣೆಬರಹ, ಇಂಗ್ಲಿಷಿನವನ ಕೈಯಲ್ಲಿ ಸಾಹಸ. ಗಾಸಿಂನ ಹೆಂಡತಿ ಯಾರು, ಊರು ಯಾವುದು, ಅವನು ಈ ದಂಡಿಗೆ ಯಾಕೆ ಬಂದ, ಏನೂ ಹೇಳುವುದಿಲ್ಲ. ಮುಂದೆ ಒಂದು ಬುಡಕಟ್ಟಿನ ಜಗಳ ತಡೆಯಲು ಇದೇ ಗಾಸಿಂನನ್ನು ಲಾರೆನ್ಸನೇ ಗುಂಡಿಟ್ಟು ಕೊಲ್ಲಬೇಕಾಗುತ್ತದೆ, ಆಗಲೂ ಸಿನಿಮಾ ನೋಡುವುದು ಲಾರೆನ್ಸನ ಸಂಕಟವನ್ನೇ. ಸಾಯುವವನು ಗಾಸಿಂ, ನೋವು ಲಾರೆನ್ಸನದು.

ಕೊನೆಗೆ ಡಮಾಸ್ಕಸ್ ಬರುತ್ತದೆ. ಅರಬ್ ಸಭೆಯಲ್ಲಿ ಟೆಲಿಫೋನು, ಕರೆಂಟು ನಡೆಸುವ ವಿಷಯಕ್ಕೆ ಬುಡಕಟ್ಟುಗಳು ಮೇಜಿನ ಮೇಲೆ ಹತ್ತಿ ಜಗಳ ಆಡುತ್ತವೆ, ಎಲ್ಲ ಬಿಟ್ಟು ಹೋಗುತ್ತಾರೆ. ಇವರಿಗೆ ರಾಜ್ಯ ನಡೆಸುವುದು ಬರುವುದಿಲ್ಲ ಅಂತ ನೋಡಿದವರಿಗೆ ಅನಿಸುತ್ತದೆ. ಇತಿಹಾಸದಲ್ಲಿ ಏನಾಯಿತು? ಫೈಸಲ್‌ನ ಸರ್ಕಾರ 1918ರಿಂದ 1920ರವರೆಗೆ ಡಮಾಸ್ಕಸ್‌ನಲ್ಲಿ ನಡೆಯಿತು. 1920ರ ಜುಲೈ 24ರಂದು ಮೈಸಲೂನ್ ಅನ್ನುವಲ್ಲಿ ಫ್ರೆಂಚ್ ಸೈನ್ಯ ಅದನ್ನು ಸೋಲಿಸಿ ಕೆಡವಿತು. ಬ್ರಿಟಿಷರು, ಫ್ರೆಂಚರು ಈ ನೆಲವನ್ನು ಹಂಚಿಕೊಳ್ಳಲು 1916ರಲ್ಲೇ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು. ಸಿನಿಮಾದಲ್ಲಿ ಆ ಒಪ್ಪಂದದ ಮಾತು ಬರುತ್ತದೆ, ಅದನ್ನು ಮುಚ್ಚಿಟ್ಟಿಲ್ಲ, ಅದಕ್ಕೆ ಲೀನ್ ಅವರಿಗೆ ಮಾರ್ಕ್ಸ್ ಕೊಡಲೇಬೇಕು. ಆದರೆ ಪ್ರೇಕ್ಷಕ ಮನೆಗೆ ತೆಗೆದುಕೊಂಡು ಹೋಗುವುದು ಆ ಜಗಳದ ಸೀನನ್ನು. ಮೈಸಲೂನಿನ ಫಿರಂಗಿಗಳು ಚಿತ್ರದಲ್ಲಿ ಇಲ್ಲ.

ಹೆಜ್ಜೆ 4: ಶೂಟಿಂಗ್ ಎಲ್ಲಿ ಆಯಿತು ಅಂತ ಹುಡುಕಿ

ಎರಡು ನಿಮಿಷದ ಕೆಲಸ. 2012ರ 'ಆರ್ಗೊ'ದ ತೆಹರಾನ್ ಅಂದರೆ ಟರ್ಕಿಯ ಇಸ್ತಾಂಬುಲ್. 'ಸೆಕ್ಸ್ ಅಂಡ್ ದ ಸಿಟಿ 2'ರ ಅಬುಧಾಬಿ ಅಂದರೆ ಮೊರಾಕೊ. ಸೊಮಾಲಿಯಾದ ಕಥೆಗೂ ಮೊರಾಕೊ, ಇರಾಕಿನ ಕಥೆಗೂ ಮೊರಾಕೊ. ಮೊರಾಕೊದ ವರ್ಜಜಾತ್ ಊರಿನಲ್ಲಿ 1983ರಿಂದ ಅಟ್ಲಾಸ್ ಸ್ಟುಡಿಯೊ ಇದೆ, ಅಲ್ಲಿ ಈಜಿಪ್ಟಿನ ದೇವಸ್ಥಾನದ ಸೆಟ್ಟೂ ಇದೆ, ಟಿಬೆಟ್ಟಿನ ಸೆಟ್ಟೂ ಇದೆ. ಕ್ಯಾಮೆರಾ ಒಯ್ಯಲು ಆಗದ ದೇಶ ಇರುತ್ತದೆ, ಯುದ್ಧ ಇರುತ್ತದೆ, ಪರ್ಮಿಷನ್ ಸಿಗುವುದಿಲ್ಲ, ಒಪ್ಪುತ್ತೇನೆ. ನೀವು ಕೇಳಬೇಕಾದ್ದು ಬೇರೆ: ಆ ಊರಿಗೇ ಸೇರಿದ್ದು ಅನ್ನುವ ಹಾಗೆ ಒಂದಾದರೂ ವಸ್ತು, ಒಂದು ತಿಂಡಿ, ಒಂದು ಬಸ್ಸು, ಒಂದು ಮಾತಿನ ಧಾಟಿ ಇದೆಯಾ? ಇಲ್ಲದಿದ್ದರೆ ಯಾವ ಮರಳಾದರೂ ನಡೆಯುತ್ತದೆ ಅಂತ ಸಿನಿಮಾ ತೀರ್ಮಾನ ಮಾಡಿದೆ ಅಂತ ಅರ್ಥ.

ಜೋರ್ಡಾನಿನ ವಾದಿ ರಮ್ ಕಣಿವೆಯನ್ನೇ ನೋಡಿ. 'ಲಾರೆನ್ಸ್' ಅಲ್ಲಿ ತೆಗೆದರು. 2015ರ 'ದಿ ಮಾರ್ಷಿಯನ್'ಗೆ ಅದೇ ಕಣಿವೆ ಮಂಗಳ ಗ್ರಹ ಆಯಿತು, ಯಾರೂ ಇಲ್ಲದ ಗ್ರಹ. ತಲೆತಲಾಂತರದಿಂದ ಬೆದುವಿನ್ ಜನ ಆಡು, ಒಂಟೆ ಸಾಕಿಕೊಂಡು ಬದುಕುತ್ತಿರುವ ಜಾಗ ಅದು. ಈ ಕಣಿವೆಯನ್ನು ನೆನಪಿನಲ್ಲಿಡಿ, ಎಂಟನೇ ಹೆಜ್ಜೆಯಲ್ಲಿ ವಾಪಸು ಬರುತ್ತೇವೆ.

ಹೆಜ್ಜೆ 5: ಯಾರ ಮಾತಿಗೆ ಸಬ್‌ಟೈಟಲ್ ಇದೆ?

ಸಬ್‌ಟೈಟಲ್ ಇಲ್ಲದ ಅರೇಬಿಕ್ ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕಿ. ಎರಡನೇ ಸಲ, ಆ ಮಾತು ಸಿಟ್ಟಿನದಾ, ಕೂಗಾಟವಾ, ಇಲ್ಲ ಸಾಮಾನ್ಯ ಮಾತಾ ಅಂತ ನೋಡಿ. ಹೆಚ್ಚಾಗಿ ಕೂಗಾಟವೇ ಇರುತ್ತದೆ. ಅರ್ಥ ಗೊತ್ತಾಗಬೇಕಿಲ್ಲ, ಹೆದರಿಕೆ ಆದರೆ ಸಾಕು. ಉಚ್ಚಾರಣೆಯನ್ನೂ ಗಮನಿಸಿ. ಡಿಸ್ನಿಯ ಅಲ್ಲಾದ್ದೀನ್, ರಾಜಕುಮಾರಿ ಜಾಸ್ಮಿನ್ ಅಮೆರಿಕದವರ ಹಾಗೆ ಮಾತಾಡುತ್ತಾರೆ. ಜಾಸ್ಮಿನ್ ಹಸಿದ ಮಗುವಿಗೆ ಒಂದು ಸೇಬು ಕೊಟ್ಟದ್ದಕ್ಕೆ ಅವಳ ಕೈ ಕತ್ತರಿಸಲು ಬರುವ ವ್ಯಾಪಾರಿಗೆ ಮಾತ್ರ 'ಅರಬ್' ಉಚ್ಚಾರಣೆ.

ಭಾಷೆ ಗೊತ್ತಿಲ್ಲದೆ ಸಿನಿಮಾ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ನಿಜ ಘಟನೆ ಇದೆ. 'ಹೋಮ್‌ಲ್ಯಾಂಡ್' ಅಂತ ಅಮೆರಿಕದ ಟೀವಿ ಸರಣಿ. 2015ರಲ್ಲಿ ಐದನೇ ಸೀಸನ್ನಿನ ಶೂಟಿಂಗ್ ಬರ್ಲಿನ್‌ನಲ್ಲಿ ನಡೆಯುತ್ತಿತ್ತು. ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ ಹಾಕಿದ್ದರು, ಗೋಡೆಗಳ ಮೇಲೆ ನಿಜ ಅನಿಸುವ ಹಾಗೆ ಅರೇಬಿಕ್ ಬರಹ ಬೇಕಿತ್ತು. ಹೀಬಾ ಅಮೀನ್ ಮತ್ತು ಇನ್ನಿಬ್ಬರು ಕಲಾವಿದರಿಗೆ ಆ ಕೆಲಸ ಕೊಟ್ಟರು. ಅವರು ಗೋಡೆಯ ಮೇಲೆ ದೊಡ್ಡದಾಗಿ ಅರೇಬಿಕ್‌ನಲ್ಲಿ ಬರೆದದ್ದು "ಹೋಮ್‌ಲ್ಯಾಂಡ್ ಜನಾಂಗ ದ್ವೇಷಿ" ಅಂತ. ಸೆಟ್ಟಿನಲ್ಲಿ ಯಾರಿಗೂ ಓದಲು ಬರಲಿಲ್ಲ. ಶೂಟಿಂಗ್ ಆಯಿತು, ಎಡಿಟಿಂಗ್ ಆಯಿತು, ಅಕ್ಟೋಬರಿನಲ್ಲಿ ಪ್ರಸಾರವೂ ಆಯಿತು. ನಾಯಕಿ ಆ ಗೋಡೆಯ ಪಕ್ಕದಲ್ಲೇ ನಡೆದು ಹೋಗುತ್ತಾಳೆ. ಅರೇಬಿಕ್ ಓದಬಲ್ಲವರು ಮನೆಯಲ್ಲಿ ಕೂತು ಅದನ್ನು ಓದಿದರು. ಆ ಅಕ್ಷರಗಳು ಅಲ್ಲಿ ಬರೀ ಅಲಂಕಾರ, ಅದಕ್ಕೂ ಅರ್ಥ ಇರುತ್ತದೆ ಅಂತ ಯಾರೂ ಎಣಿಸಲಿಲ್ಲ. ಅಲ್ಲಾದ್ದೀನನ ಪೇಟೆಯ ಅಂಗಡಿ ಬೋರ್ಡಿನ ಕಥೆಯೂ ಇದೇ.

ಹೆಜ್ಜೆ 6: ಹೆಂಗಸರು ಏನು ಮಾಡುತ್ತಿದ್ದಾರೆ?

ಎರಡೇ ಅಚ್ಚು ಇರುತ್ತವೆ. ಒಂದೋ ಸೊಂಟ ಕುಣಿಸುವ ನರ್ತಕಿ, ಇಲ್ಲ ಬುರ್ಖಾದೊಳಗೆ ಸುಮ್ಮನಿರುವವಳು. 'ಸೆಕ್ಸ್ ಅಂಡ್ ದ ಸಿಟಿ 2'ರಲ್ಲಿ ಅಬುಧಾಬಿಯ ಹೆಂಗಸರು ನಿಖಾಬ್ ತೆಗೆದು ಒಳಗೆ ಹಾಕಿದ ಫ್ಯಾಷನ್ ಬಟ್ಟೆ ತೋರಿಸುತ್ತಾರೆ, ನ್ಯೂಯಾರ್ಕಿನ ಗೆಳತಿಯರಿಗೆ ಖುಷಿಯಾಗುತ್ತದೆ, ಓ ಇವರೂ ನಮ್ಮ ಹಾಗೇ ಅಂತ. ನಮ್ಮ ಹಾಗೆ ಬಟ್ಟೆ ಹಾಕಿದ್ದರಿಂದ ಮನುಷ್ಯರಾದರು ಅನ್ನುವ ಹಾಗಿದೆ ಅದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ದೇಶಗಳಲ್ಲಿ ಹೆಂಗಸರಿಗೆ ಅನ್ಯಾಯ ಆಗುತ್ತಿಲ್ಲ ಅಂತ ಯಾರೂ ಹೇಳುತ್ತಿಲ್ಲ. ಆಗುತ್ತಿದೆ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿರುವವರು ಅಲ್ಲಿಯ ಹೆಂಗಸರೇ. ಅವರ ಮಾತು ಕೇಳಿಸುವ ಸಿನಿಮಾ ಬೇರೆ, ಅವರನ್ನು ಬಿಡಿಸಲು ಹೊರಗಿನ ನಾಯಕ ಬರುವ ಸಿನಿಮಾ ಬೇರೆ.

ಹೆಜ್ಜೆ 7: ಐದು ಪ್ರಶ್ನೆ, ಬೇಗ ಮುಗಿಸಿ

ಬ್ರಿಟಿಷ್ ನಟ ರಿಜ್ ಅಹ್ಮದ್ ಹೆಸರಿನಲ್ಲಿ 2018ರಿಂದ 'ರಿಜ್ ಟೆಸ್ಟ್' ಅಂತ ಒಂದು ಪರೀಕ್ಷೆ ಇದೆ. ಮುಸ್ಲಿಂ ಅಂತ ಗೊತ್ತಾಗುವ ಪಾತ್ರ ಇದ್ದರೆ ಕೇಳಿ: ಆ ಪಾತ್ರ ಇರುವುದು ಭಯೋತ್ಪಾದನೆಯ ವಿಷಯಕ್ಕೆ ಮಾತ್ರವಾ? ಕಾರಣವಿಲ್ಲದೆ ಸಿಟ್ಟಾಗುತ್ತದಾ? ಮೂಢನಂಬಿಕೆಯ, ಹಿಂದುಳಿದ ಮನುಷ್ಯನ ಹಾಗೆ ತೋರಿಸಿದ್ದಾರಾ? ಪಶ್ಚಿಮದವರ ಬದುಕಿಗೆ ಅಪಾಯ ಅನ್ನುವ ಹಾಗಾ? ಗಂಡಾದರೆ ಹೆಂಗಸರನ್ನು ತುಳಿಯುವವನು, ಹೆಣ್ಣಾದರೆ ತುಳಿಸಿಕೊಳ್ಳುವವಳು, ಅಷ್ಟೇನಾ?

ಸುಲಭದ ಪರೀಕ್ಷೆ, ಮಕ್ಕಳೂ ಮಾಡಬಹುದು. ಆದರೆ ಮುಸ್ಲಿಂ ಪಾತ್ರವೇ ಇಲ್ಲದ ಸಿನಿಮಾವನ್ನು ಇದು ಹಿಡಿಯುವುದಿಲ್ಲ. ಅಮೆರಿಕದ ಯುಎಸ್‌ಸಿ ಅನ್ನೆನ್‌ಬರ್ಗ್ ಸಂಸ್ಥೆಯವರು 2017ರಿಂದ 2019ರವರೆಗಿನ 200 ಜನಪ್ರಿಯ ಸಿನಿಮಾ ಎಣಿಸಿದಾಗ ಮಾತಿರುವ ಪಾತ್ರಗಳಲ್ಲಿ ಮುಸ್ಲಿಮರು 1.6 ಶೇಕಡಾ ಮಾತ್ರ ಇದ್ದರು.

ಹೆಜ್ಜೆ 8: ಅದೇ ಮರಳು, ಅದೇ ಯುದ್ಧ, ಈ ಕಡೆಯಿಂದ

ಇಷ್ಟು ಆದ ಮೇಲೆ ದಯವಿಟ್ಟು ಒಂದು ಜೋಡಿ ನೋಡಿ. 'ಲಾರೆನ್ಸ್ ಆಫ್ ಅರೇಬಿಯಾ' ಆದ ವಾರದಲ್ಲೇ 'ಥೀಬ್' ನೋಡಿ. 2014ರ ಜೋರ್ಡಾನಿನ ಚಿತ್ರ, ನಿರ್ದೇಶಕ ನಾಜಿ ಅಬು ನವಾರ್. ಆಸ್ಕರ್ ಕೊನೆಯ ಐದರ ಪಟ್ಟಿಗೂ ಬಂದಿತ್ತು. ಅದೇ ವಾದಿ ರಮ್, ಅದೇ 1916, ಅದೇ ಯುದ್ಧ. ಆದರೆ ಕಥೆ ಬೆದುವಿನ್ ಹುಡುಗನೊಬ್ಬನದು. ಥೀಬ್ ಅಂದರೆ ತೋಳ, ಅದೇ ಅವನ ಹೆಸರು.

ರಾತ್ರಿ ಡೇರೆಯ ಬೆಂಕಿಯ ಸುತ್ತ ಗಂಡಸರು ಕೂತಿದ್ದಾಗ ಒಬ್ಬ ಬ್ರಿಟಿಷ್ ಅಧಿಕಾರಿ ಬರುತ್ತಾನೆ. ಯಾತ್ರೆಯ ಹಳೇ ದಾರಿಯಲ್ಲಿರುವ ಬಾವಿಗೆ ದಾರಿ ತೋರಿಸುವವರು ಬೇಕು. ಮನೆಗೆ ಬಂದ ಅತಿಥಿ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ, ಅದು ಅಲ್ಲಿಯ ರೀತಿ. ಅಣ್ಣ ಹುಸೇನ್ ಹೊರಡುತ್ತಾನೆ, ತಮ್ಮ ಕತ್ತೆಯ ಮೇಲೆ ಹಿಂದೆಯೇ ಬರುತ್ತಾನೆ. ಅಧಿಕಾರಿಯ ಹತ್ತಿರ ಒಂದು ಪೆಟ್ಟಿಗೆ ಇದೆ. ಥೀಬ್‌ಗೆ ಅದರ ಮೇಲೇ ಕಣ್ಣು. ಮುಟ್ಟಿದರೆ ಅಧಿಕಾರಿ ರೇಗುತ್ತಾನೆ.

ಈಗ ನೋಟ್‌ಬುಕ್ ನೋಡಿ. ಇಲ್ಲಿ ವಿಚಿತ್ರವಾಗಿ ಕಾಣುವವನು ಇಂಗ್ಲಿಷಿನವನು. ಅವನ ಮಾತು ಹುಡುಗನಿಗೆ ಗೊತ್ತಾಗುವುದಿಲ್ಲ, ಅವನ ಸಿಟ್ಟಿಗೆ ಕಾರಣ ಗೊತ್ತಾಗುವುದಿಲ್ಲ. ಹಾಗಂತ ಅವನನ್ನು ರಾಕ್ಷಸ ಮಾಡಿಲ್ಲ. ಹುಡುಗನಿಗೆ ಎಷ್ಟು ಕಂಡಿತೋ ಅಷ್ಟು ನಮಗೆ ಕಾಣುತ್ತದೆ.

ರೈಲಿನ ವಿಷಯ ನೋಡಿ, ನನಗೆ ಎಲ್ಲಕ್ಕಿಂತ ಮನಸ್ಸು ತಟ್ಟಿದ್ದು ಅದು. ಹಿಜಾಜ್ ರೈಲು ಡಮಾಸ್ಕಸ್‌ನಿಂದ ಮದೀನಾದವರೆಗೆ 1908ರಲ್ಲಿ ಶುರುವಾಯಿತು. 'ಲಾರೆನ್ಸ್' ಚಿತ್ರದಲ್ಲಿ ಆ ರೈಲು ಅಂದರೆ ಸ್ಫೋಟಿಸಬೇಕಾದ ಗುರಿ. ದೊಡ್ಡ ಸದ್ದು, ಮರಳು ಮೇಲೆ ಉರುಳುವ ಬೋಗಿ, ರೈಲಿನ ಮೇಲೆ ಬಿಳಿ ಬಟ್ಟೆಯಲ್ಲಿ ನಡೆಯುವ ಲಾರೆನ್ಸ್, ಕೆಳಗೆ ಲೂಟಿ ಮಾಡುವ ಅರಬ್ಬರು. 'ಥೀಬ್'ನಲ್ಲಿ ಅದೇ ರೈಲು ಹಜ್ ಯಾತ್ರಿಕರಿಗೆ ದಾರಿ ತೋರಿಸಿ ಬದುಕುತ್ತಿದ್ದವರ ಅನ್ನ ಕಿತ್ತುಕೊಂಡ ವಸ್ತು. ಯಾತ್ರಿಕರು ರೈಲು ಹತ್ತಿದರು, ದಾರಿ ತೋರಿಸುವವರಿಗೆ ಕೆಲಸ ಹೋಯಿತು, ಕೆಲವರು ಡಕಾಯಿತರಾದರು. ಅಂಥ ಒಬ್ಬ ಹುಡುಗನ ಎದುರಿಗೆ ಬರುತ್ತಾನೆ. ಮುಂದೇನಾಯಿತು ಅಂತ ಹೇಳುವುದಿಲ್ಲ, ನೋಡಿ. 'ಲಾರೆನ್ಸ್'ನಲ್ಲಿ ಲೂಟಿ ಅರಬ್ಬರ ಸ್ವಭಾವ ಅನಿಸುತ್ತದೆ, 'ಥೀಬ್'ನಲ್ಲಿ ಲೂಟಿಗೆ ಒಂದು ಹಿಂದಿನ ಕಥೆ ಇದೆ.

ನಿರ್ದೇಶಕ ಸುಮಾರು ಒಂದು ವರ್ಷ ಅಲ್ಲಿಯ ಬೆದುವಿನ್ ಜನರ ಜೊತೆ ಇದ್ದು ಈ ಚಿತ್ರ ಮಾಡಿದರು. ಬೆದುವಿನ್ ಪಾತ್ರಗಳಿಗೆ ಅಲ್ಲಿಯವರನ್ನೇ ತಿಂಗಳುಗಟ್ಟಲೆ ತಯಾರು ಮಾಡಿದರು. ಥೀಬ್ ಆಗಿ ನಟಿಸಿದ ಹುಡುಗ ಜಾಸಿರ್ ಈದ್. ಅವನ ಹೆಸರಿನ ಕೊನೆಗೆ ಹುವೈತಾತ್ ಅಂತ ಇದೆ. 'ಲಾರೆನ್ಸ್'ನಲ್ಲಿ ಆಂಥೊನಿ ಕ್ವಿನ್ ಅಂಟಿಸಿದ ಮೂಗು ಹಾಕಿಕೊಂಡು ಮಾಡಿದ ಔದಾ ಅಬು ತಾಯಿ, ಅದೇ ಹುವೈತಾತ್ ಬುಡಕಟ್ಟಿನ ನಾಯಕ.

ಹೆಜ್ಜೆ 9: ಅಲ್ಲಿಯವರ ಸಿನಿಮಾ ಸಾಲಾಗಿ ನೋಡಿ

ಮಕ್ಕಳಿರುವ ಮನೆಯಾದರೆ ಸೌದಿಯ 'ವಜ್ದಾ' ಮೊದಲು, 2012ರದು. ಹತ್ತು ವರ್ಷದ ಹುಡುಗಿಗೆ ಹಸಿರು ಸೈಕಲ್ ಬೇಕು, ಹುಡುಗಿಯರು ಸೈಕಲ್ ಹೊಡೆಯಬಾರದು ಅನ್ನುತ್ತಾರೆ. ದುಡ್ಡಿಗಾಗಿ ಅವಳು ಕುರಾನ್ ಓದುವ ಸ್ಪರ್ಧೆಗೆ ಸೇರುತ್ತಾಳೆ. ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ರಿಯಾದಿನ ಬೀದಿಯಲ್ಲಿ ಗಂಡಸರ ಜೊತೆ ನಿಂತು ಕೆಲಸ ಮಾಡುವ ಹಾಗಿರಲಿಲ್ಲ, ವ್ಯಾನಿನಲ್ಲಿ ಕೂತು ವಾಕಿ ಟಾಕಿಯಲ್ಲಿ ನಿರ್ದೇಶನ ಮಾಡಿದರು. ಆಗ ಆ ದೇಶದಲ್ಲಿ ಸಿನಿಮಾ ಥಿಯೇಟರೇ ಇರಲಿಲ್ಲ, ಮತ್ತೆ ತೆರೆದದ್ದು 2018ರಲ್ಲಿ. ಇಷ್ಟು ಬಿಗಿ ಇದ್ದರೂ ಆ ಹುಡುಗಿ ಎಲ್ಲೂ ಪಾಪದವಳಲ್ಲ, ಚೌಕಾಸಿ ಮಾಡುತ್ತಾಳೆ, ಶಾಲೆಯಲ್ಲಿ ವ್ಯಾಪಾರ ಮಾಡುತ್ತಾಳೆ. ನಮ್ಮ ಮನೆಯ ಮಕ್ಕಳಿಗೆ ಅವಳು ಪಕ್ಕದ ಬೀದಿಯ ಹುಡುಗಿಯ ಹಾಗೆ ಅನಿಸಿದಳು.

ಆಮೇಲೆ ಇರಾನಿನ 'ಚಿಲ್ಡ್ರನ್ ಆಫ್ ಹೆವನ್', ಕಳೆದುಹೋದ ಒಂದು ಜೊತೆ ಶೂ ಮೇಲೆ ನಿಂತ ಚಿತ್ರ. ಬೈರೂತಿನ ಬ್ಯೂಟಿ ಪಾರ್ಲರಿನಲ್ಲಿ ನಡೆಯುವ 'ಕ್ಯಾರಮೆಲ್', ನದೀನ್ ಲಬಕಿ ಅವರದು. ಯೂಸುಫ್ ಶಹೀನ್ ಅವರ 1958ರ 'ಕೈರೋ ಸ್ಟೇಷನ್', ರೈಲ್ವೆ ಸ್ಟೇಷನ್ನಿನ ಪೇಪರ್ ಮಾರುವವನ ಪಾತ್ರದಲ್ಲಿ ನಿರ್ದೇಶಕರೇ ಇದ್ದಾರೆ. ಕೂಲಿಗಳ ಯೂನಿಯನ್, ತಂಪು ಪಾನೀಯ ಮಾರುವ ಹುಡುಗಿಯರು, ಸ್ಟೇಷನ್ನಿನ ಗಲಾಟೆ. ಮೆಜೆಸ್ಟಿಕ್ಕಿನಲ್ಲಿ ರೈಲು ಕಾಯುತ್ತಾ ಕೂತವರಿಗೆ ಎಲ್ಲ ಅರ್ಥವಾಗುತ್ತದೆ. ಅಲ್ಲಿಯವರು ಮಾಡಿದ್ದೆಲ್ಲ ಸರಿ ಅಂತಲ್ಲ. ಹೊರದೇಶದ ಫೆಸ್ಟಿವಲ್ಲಿಗೆ ಬೇಕಾದ ಹಾಗೆ ಬಡತನ ಜೋಡಿಸಿದ ಚಿತ್ರಗಳೂ ಇವೆ. ಅದೇ ಮೂರು ಸಾಲು ಅವಕ್ಕೂ ಎಳೆಯಿರಿ.

ಹೆಜ್ಜೆ 10: "ಬರೀ ಸಿನಿಮಾ ಅಲ್ವಾ" ಅಂದವರಿಗೆ

ಅಂದೇ ಅನ್ನುತ್ತಾರೆ. ಜಗಳ ಆಡಬೇಡಿ, ಮೂರು ವಿಷಯ ಹೇಳಿ.

2015ರ ಡಿಸೆಂಬರಿನಲ್ಲಿ ಅಮೆರಿಕದ ಪಬ್ಲಿಕ್ ಪಾಲಿಸಿ ಪೋಲಿಂಗ್ ಸಂಸ್ಥೆ ಜನರನ್ನು ಕೇಳಿತು, ಅಗ್ರಬಾದ ಮೇಲೆ ಬಾಂಬ್ ಹಾಕಬೇಕಾ ಅಂತ. ರಿಪಬ್ಲಿಕನ್ ಮತದಾರರಲ್ಲಿ 30 ಶೇಕಡಾ ಹಾಕಬೇಕು ಅಂದರು, ಡೆಮಾಕ್ರಟರಲ್ಲಿ 19 ಶೇಕಡಾ. ಅಗ್ರಬಾ ಅಂದರೆ ಡಿಸ್ನಿಯ ಅಲ್ಲಾದ್ದೀನನ ಊರು. ಭೂಮಿಯ ಮೇಲೆ ಅಂಥ ಊರೇ ಇಲ್ಲ. ಹೆಸರು ಅರಬ್ ಥರ ಕೇಳಿಸಿತು, ಅಷ್ಟೇ.

ಎರಡನೆಯದು ಖುಷಿಯ ವಿಷಯ. ಅದೇ ಸಿನಿಮಾದ ಮೊದಲ ಹಾಡಿನಲ್ಲಿ, ನಿಮ್ಮ ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ನಾಡು ಅನ್ನುವ ಸಾಲಿತ್ತು. ಅಮೆರಿಕದಲ್ಲಿರುವ ಅರಬ್ಬರ ಸಂಘಟನೆಯವರು ಪ್ರಶ್ನೆ ಎತ್ತಿದರು. 1993ರಲ್ಲಿ ವೀಡಿಯೊ ಬರುವಾಗ ಆ ಸಾಲು ಬದಲಾಯಿತು, ಬಯಲು ಮತ್ತು ಬಿಸಿಲಿನ ಸಾಲು ಬಂತು. ಅನಾಗರಿಕ ಅನ್ನುವ ಪದ ಮಾತ್ರ ಹಾಗೇ ಉಳಿದು, 2019ರ ಹೊಸ ಚಿತ್ರದಲ್ಲಿ ಹೋಯಿತು. ಕೇಳಿದರೆ ಬದಲಾಗುತ್ತದೆ, ತಡವಾಗಿಯಾದರೂ.

ಮೂರನೆಯದಕ್ಕೆ 1984ರ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಹಾಕಿ ತೋರಿಸಿ. ನಮ್ಮ ದೇಶದ ಅರಮನೆಯ ಊಟ ಅಂತ ಹಾವಿನ ಹೊಟ್ಟೆಯಿಂದ ಮರಿ ಹಾವು, ಕೋತಿಯ ಮೆದುಳು ಬಡಿಸುತ್ತಾರೆ. ಕಾಳಿಯ ಹೆಸರಿನಲ್ಲಿ ನರಬಲಿ, ಅಮರೀಶ್ ಪುರಿ ಬರಿಗೈಯಲ್ಲಿ ಹೃದಯ ಕೀಳುತ್ತಾರೆ. ಕಥೆ ಓದಿ ಭಾರತ ಸರ್ಕಾರ ಇಲ್ಲಿ ಶೂಟಿಂಗಿಗೆ ಒಪ್ಪಲಿಲ್ಲ, ಶ್ರೀಲಂಕಾದಲ್ಲಿ ತೆಗೆದರು. ಆ ಊಟದ ಸೀನಿನಲ್ಲಿ ನಿಮ್ಮ ಪಕ್ಕದಲ್ಲಿ ಕೂತವರ ಮುಖ ನೋಡಿ. "ಛೆ, ಹಾಗೆಲ್ಲ ಎಲ್ಲಿದೆ ನಮ್ಮಲ್ಲಿ" ಅಂತ ಅವರಾಗಿಯೇ ಅನ್ನುತ್ತಾರೆ. ಆಗ 'ಥೀಬ್' ಹಾಕಿ.

ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಮನೆಯಲ್ಲೋ ನೆಂಟರಲ್ಲೋ ಗಲ್ಫ್‌ನಲ್ಲಿ ದುಡಿದು ಬಂದವರು ಒಬ್ಬರಾದರೂ ಸಿಗುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ದೊಡ್ಡಪ್ಪ ಕುವೈತಿನಲ್ಲಿ ಹದಿನೆಂಟು ವರ್ಷ ಲಾರಿ ಓಡಿಸಿದವರು. ಪಾಸ್‌ಪೋರ್ಟ್ ಇಟ್ಟುಕೊಂಡು ಸತಾಯಿಸಿದ ಮಾಲೀಕನ ಕಥೆ ಅವರ ಹತ್ತಿರ ಇದೆ, ದೊಡ್ಡಮ್ಮನಿಗೆ ಹುಷಾರಿಲ್ಲ ಅಂದಾಗ ಟಿಕೆಟ್ ದುಡ್ಡು ಕೈಗಿಟ್ಟು ಏರ್‌ಪೋರ್ಟಿಗೆ ಬಿಟ್ಟ ಕುವೈತಿ ಮುದುಕನ ಕಥೆಯೂ ಇದೆ. ಇಬ್ಬರ ಹೆಸರೂ ಅವರಿಗೆ ನೆನಪಿದೆ. ಅವರು ಹೇಳುವಾಗ ನಾನು ಸಿನಿಮಾ ನಿಲ್ಲಿಸಿ, ಮೊದಲ ಸಾಲಿನ ಕೆಳಗೆ ಆ ಎರಡು ಹೆಸರು ಬರೆದುಕೊಂಡೆ.